ಸತ್ತವಳಿಗೆ ಬಡಿಸಿದ ಬೂತಾಯಿ

ನಾನು ಆ ಮನೆಗೆ ಎರಡನೆಯವಳಾಗಿ ಹೋದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳದಿದ್ದರೂ ಹೇಳುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದರು. ಬದಿಯಡ್ಕದಿಂದ ಇನ್ನೂ ಒಳಗಿನ ಊರಿನಲ್ಲಿ ಹುಟ್ಟಿದ ನನ್ನನ್ನು ಮೀಂಜದ ಮನೆಗೆ ಕೊಟ್ಟಾಗ ಯುದ್ಧ ಮುಗಿದಿತ್ತು, ಸೀಮೆಎಣ್ಣೆ ಸಕ್ಕರೆಯ ರೇಷನ್ ಮುಗಿದಿರಲಿಲ್ಲ. ಗಂಡನ ಮೊದಲ ಹೆಂಡತಿ ತೀರಿಹೋಗಿ ವರ್ಷ ದಾಟಿತ್ತು. ಅವಳ ಮಗಳು ಒಬ್ಬಳಿದ್ದಳು, ಆರರ ಪ್ರಾಯ. ಮತ್ತೆ ಅತ್ತೆ, ಅಂದರೆ ಗಂಡನ ತಾಯಿ. ಇಷ್ಟೇ ಜನ. ಮನೆಮಾತು ತುಳು, ನಾನು ಶಾಲೆಯಲ್ಲಿ ಬರೆಯಲು ಕಲಿತದ್ದು ಕನ್ನಡವಾದ್ದರಿಂದ ಅವರು ಆಡಿದ್ದನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮಗು ನನ್ನ ಕೈಯಡುಗೆ ಮುಟ್ಟುತ್ತಿರಲಿಲ್ಲ. ಹಠ ಎಂದರೆ ಅಳುವುದು, ತಟ್ಟೆ ಎಸೆಯುವುದು ಎಂದುಕೊಂಡಿದ್ದೆ. ಇವಳದು ಆ ಜಾತಿಯ ಹಠವಲ್ಲ. ಕರೆದರೆ ಬಂದು ಮಣೆಯ ಮೇಲೆ ಕುಳಿತುಕೊಳ್ಳುತ್ತಿದ್ದಳು, ಬಡಿಸಿದ್ದನ್ನು ನೋಡುತ್ತಿದ್ದಳು, ಎಲ್ಲರ ಊಟ ಮುಗಿಯುವವರೆಗೆ ಸುಮ್ಮನಿದ್ದು ಎದ್ದು ಹೋಗುತ್ತಿದ್ದಳು. ಅತ್ತೆ ತಮ್ಮ ನಡುಗುವ ಕೈಯಿಂದ ಅವಲಕ್ಕಿ ಬೆಲ್ಲ ಕಲಸಿ ಕೊಟ್ಟರೆ ತಿನ್ನುತ್ತಿದ್ದಳು. ಹಿಂದಿನ ದಿನದ ತಂಗಳು ಗಂಜಿಯನ್ನು ಅತ್ತೆಯೇ ಬಟ್ಟಲಿಗೆ ಹಾಕಿದರೆ ಕುಡಿಯುತ್ತಿದ್ದಳು. ನನ್ನೊಡನೆ ಮಾತು ಇಲ್ಲ. ನಾನು ಏನು ಕೇಳಿದರೂ ಉತ್ತರ ಬೆಕ್ಕಿಗೆ ಹೋಗುತ್ತಿತ್ತು. "ಚಳಿ ಆಗ್ತದಾ?" ಎಂದು ನಾನು ಕೇಳಿದರೆ, "ಬೆಕ್ಕೇ, ನನಗೆ ಚಳಿ ಇಲ್ಲ" ಎನ್ನುತ್ತಿದ್ದಳು. ಆ ಬೆಕ್ಕಿನ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದು ಹೇಳಿದರೆ ನಗುತ್ತೀರಿ.

ಮೊದಲಿಗೆ ನನಗೆ ಅವಳ ಮೇಲೆ ಪ್ರೀತಿಯೇನೂ ಇರಲಿಲ್ಲ, ಹೆದರಿಕೆ ಇತ್ತು. ಮಗು ದಿನದಿಂದ ದಿನಕ್ಕೆ ಕಡ್ಡಿಯಾಗುತ್ತಿದ್ದಳು. ಮಲತಾಯಿ ಬಂದ ಮನೆಯಲ್ಲಿ ಮಗು ಬಡಕಲಾದರೆ ಊರು ಕಾರಣ ಹುಡುಕಲು ದೂರ ಹೋಗುವುದಿಲ್ಲ. ಆಮೇಲೆ ಹೆದರಿಕೆ ಛಲವಾಯಿತು. ಛಲ ಯಾವಾಗ ಬೇರೆ ಏನೋ ಆಯಿತು ಎಂಬುದು ನನಗೆ ತಿಳಿಯದು. ಒಂದು ಮಧ್ಯಾಹ್ನ ಅವಳು ಚಾವಡಿಯಲ್ಲಿ ಮಲಗಿದ್ದಾಗ ಅಂಗಿಯೊಳಗೆ ಪಕ್ಕೆಲುಬು ಏರಿ ಇಳಿಯುವುದನ್ನು ನೋಡಿ ನನಗೆ ಉಣ್ಣಲಾಗಲಿಲ್ಲ ಎಂಬುದು ಮಾತ್ರ ನೆನಪಿದೆ.

ಮಳೆಗಾಲ ಕಳೆಯುತ್ತಲೇ ಮಗುವಿನ ಸೋದರಮಾವ ಬಂದರು. ತೀರಿಹೋದವಳ ಅಣ್ಣ, ಕುಂಬಳೆಯ ಕಡೆ ಅವಳ ತರವಾಡಿನ, ಎಂದರೆ ತಾಯಿಯ ಕಡೆಯ ಮೂಲಮನೆಯ, ಯಜಮಾನ. ನಮ್ಮದು ಅಳಿಯಸಂತಾನದ ಕಟ್ಟು. ಮಕ್ಕಳು ತಾಯಿಯ ಮನೆಯವರು. ಅಪ್ಪ ಎಷ್ಟೇ ಮುದ್ದು ಮಾಡಲಿ, ಲೆಕ್ಕದಲ್ಲಿ ಆ ಮಗು ಅವರದು. ಅವರು ಮಗುವನ್ನು ಹತ್ತಿರ ಕರೆದು ತೋಳು ಹಿಡಿದು ನೋಡಿದರು. ಅವರ ಹೆಬ್ಬೆರಳು ಕಿರುಬೆರಳು ಅವಳ ತೋಳಿನ ಸುತ್ತ ಬಂದು ಸೇರಿದವು.

"ಎಂತ ಭಾವ ಇದು?" ಎಂದು ನನ್ನ ಗಂಡನನ್ನು ಕೇಳಿದರು. ಗಂಡ ನೆಲ ನೋಡಿದರು. ಒಳ್ಳೆಯ ಮನುಷ್ಯ, ಆದರೆ ಮಾತಾಡಬೇಕಾದಲ್ಲಿ ನೆಲ ನೋಡುವುದು ಅವರ ಕ್ರಮ.

ಉತ್ತರ ಕೊಟ್ಟವರು ಅತ್ತೆ. "ಅವಳು ಬಿಡುವುದಿಲ್ಲ ಮಾರಾಯ. ತೀರಿಹೋದವಳಿಗೆ ತೃಪ್ತಿ ಆಗಲಿಲ್ಲ. ಹೋದ ವರ್ಷ ಬಡಿಸಿದಾಗ ನೆರೆಮನೆಯವಳು ಹುಣಸೆಹುಳಿ ಹಾಕಿ ಗಸಿ ಮಾಡಿದ್ದು. ಅದು ಅವಳು ತಿನ್ನುವ ಮೀನಾ? ಹಸಿದುಕೊಂಡು ಹೋದಳು. ಅದಕ್ಕೇ ಮಗುವಿನ ಬಾಯಿ ಕಟ್ಟಿದ್ದಾಳೆ."

ನಮ್ಮಲ್ಲಿ ತೀರಿಹೋದವರಿಗೆ ವರ್ಷಕ್ಕೊಮ್ಮೆ ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟವಾದದ್ದನ್ನು ಮಾಡಿ, ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ದೀಪ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಬರಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಕಾಯಬೇಕು. ಹೆಚ್ಚಿನವರು ಜಡಿಮಳೆಯ ಆಟಿ ತಿಂಗಳಲ್ಲಿ ಬಡಿಸುತ್ತಾರೆ. ಆದರೆ ಆಟಿಯಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ, ತೀರಿಹೋದವಳಿಗೋ ಹಸಿ ಬೂತಾಯಿ ಮೀನೇ ಆಗಬೇಕು; ಹಾಗಾಗಿ ಆ ಮನೆಯಲ್ಲಿ ಅದನ್ನು ದೀಪಾವಳಿಯ ಮುಂಚಿನ ದಿನಕ್ಕೆ ಇಟ್ಟುಕೊಂಡಿದ್ದರು. ನಿಜವಾಗಿ ಅವಳಿಗೆ ಬಡಿಸಬೇಕಾದ್ದು ಅವಳ ತರವಾಡಿನಲ್ಲಿ. ಉಸಿರು ಹೋದದ್ದು ಇಲ್ಲಿ ಎಂದು ಅತ್ತೆ ಇಲ್ಲಿಯೂ ಬಡಿಸುತ್ತಿದ್ದರು.

ಸೋದರಮಾವ ಮಗುವಿನ ತೋಳು ಬಿಟ್ಟರು. "ಬಡಿಸುವ ದಿನ ನಾನು ಬರ್ತೇನೆ" ಎಂದರು. "ಅವತ್ತು ಮಗು ಈ ಮನೆಯ ಅನ್ನ ಉಂಡರೆ ಸರಿ. ಇಲ್ಲದಿದ್ದರೆ ಮರುದಿನ ಕರ್ಕೊಂಡು ಹೋಗ್ತೇನೆ. ಮತ್ತೆ ಕಳಿಸುದಿಲ್ಲ." ನನ್ನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಆದರೆ ಹೇಳಿದ್ದು ನನಗೆ.

ಅಡುಗೆ ನಾನೇ ಮಾಡಬೇಕೆಂದು ಅತ್ತೆ ತೀರ್ಮಾನಿಸಿದರು. ಸವತಿಯ ಕೈಯಿಂದ ಉಂಡು ತೃಪ್ತಳಾದರೆ ಮತ್ತೆ ತಕರಾರಿಲ್ಲ ಎಂಬುದು ಅವರ ತರ್ಕ. ನಾನು ಒಳನಾಡಿನವಳು. ನಮ್ಮಲ್ಲಿಗೆ ಬರುತ್ತಿದ್ದ ಕಡಲ ಮೀನೆಂದರೆ ಒಣಮೀನು. ಹಸಿಯದೆಂದರೆ ತೋಡಿನ ಮೀನು. ಬೂತಾಯಿಯನ್ನು ನಾನು ಮುಟ್ಟಿದ್ದೇ ಆ ಮನೆಗೆ ಬಂದ ಮೇಲೆ. ಇರಲಿ ಎಂದು ಹಬ್ಬದ ಹಿಂದಿನ ವಾರ ಒಮ್ಮೆ ಮಾಡಿ ನೋಡಿದೆ. ಬಾಣಲೆಗೆ ಧಾರಾಳ ತೆಂಗಿನೆಣ್ಣೆ ಸುರಿದು, ಕೆಂಪು ಮೆಣಸು ಅರೆದು ಹಚ್ಚಿ ಹುರಿದೆ. ಮೀನು ಎಣ್ಣೆಯಲ್ಲಿ ಈಜಿತು, ಚರ್ಮ ಕಳಚಿಕೊಂಡು ತುಂಡಾಯಿತು, ಮನೆಯಿಡೀ ಹೊಗೆ.

"ಅವಳು ಹೀಗೆ ಮಾಡ್ತಿರಲಿಲ್ಲ" ಎಂದರು ಅತ್ತೆ.

"ಮತ್ತೆ ಹೇಗೆ ಮಾಡ್ತಿದ್ದಳು?"

"ನನಗೆಂತ ಗೊತ್ತು? ಅವಳು ನನ್ನನ್ನು ಒಲೆಯ ಹತ್ತಿರ ಬಿಡ್ತಿದ್ದಳಾ?" ಅತ್ತೆಗೆ ಅದು ಆಗಲೂ ಇದ್ದ ಸಿಟ್ಟು. ಸತ್ತವರನ್ನು ದೂರಬಾರದೆಂದು ತುಟಿ ಬಿಗಿದುಕೊಂಡರು.

ಗಂಡನನ್ನು ಕೇಳಿದೆ. ಏಳು ವರ್ಷ ಅವಳ ಕೈಯಲ್ಲಿ ಉಂಡ ಮನುಷ್ಯ ಬಹಳ ಯೋಚಿಸಿ ಹೇಳಿದ್ದು ಒಂದೇ ಮಾತು: "ಹಸಿರಾಗಿತ್ತು." ಗಂಡಸರನ್ನು ಅಡುಗೆಯ ವಿಷಯ ಕೇಳುವುದೂ ಬಾವಿಗೆ ಕಲ್ಲು ಹಾಕುವುದೂ ಒಂದೇ. ಅವಳು ಅಡುಗೆ ಮಾಡುವಾಗ ಒಲೆಯ ಪಕ್ಕ ಕೂತಿರುತ್ತಿದ್ದವಳು ಮಗು ಒಬ್ಬಳೇ. ಮಗುವೋ ನನ್ನೊಡನೆ ಮಾತಾಡುವುದಿಲ್ಲ.

ಬಡಿಸುವ ದಿನ ಬೆಳಿಗ್ಗೆಯೇ ಕೋಣೆಗೆ ಸೆಗಣಿ ಸಾರಿಸಿದೆ. ಮೀನಿನವಳು ಬರಲಿಲ್ಲ. ಉಪ್ಪಳದ ಕಡೆಯಿಂದ ಬುಟ್ಟಿ ಹೊತ್ತು ನಡೆದು ಬರುವ ಹೆಂಗಸು ಅವಳು. ಹೊತ್ತು ನೆತ್ತಿಗೇರುವ ಮೊದಲು ಬಂದೇ ಬರುತ್ತಿದ್ದಳು. ಆ ದಿನ ಗಂಜಿಯ ಹೊತ್ತು ಕಳೆದರೂ ಅವಳ ಕೂಗು ಕೇಳಿಸಲಿಲ್ಲ. ನಾನು ಒಳಗೂ ಹೊರಗೂ ನಡೆದೆ. ಮಗುವೂ ಬೇಲಿಯ ದಣಪೆಯ ಹತ್ತಿರ ನಿಂತು ದಾರಿ ನೋಡುತ್ತಿದ್ದಳು. ಅವಳು ಮೀನಿಗಾಗಿ ಹಾಗೆ ಕಾಯುತ್ತಿದ್ದುದನ್ನು ನಾನು ಮೊದಲ ಸಲ ನೋಡಿದ್ದು. ಮನಸ್ಸಿಗೆ ಒಂದಿಷ್ಟು ಧೈರ್ಯ ಬಂತು: ಅಂತೂ ಹಸಿವು ಎಂಬುದು ಇವಳಿಗೂ ಉಂಟಲ್ಲ!

ಮಧ್ಯಾಹ್ನ ದಾಟಿದ ಮೇಲೆ ಬುಟ್ಟಿ ಬಂತು. ದೋಣಿ ತಡವಾಗಿ ದಡ ಸೇರಿದ್ದಂತೆ. ತಡವಾದದ್ದೇ ಒಳ್ಳೆಯದಾಯಿತು, ಮೀನು ಬೆಳ್ಳಿಯಂತೆ ಹೊಳೆಯುತ್ತಿತ್ತು, ಕಣ್ಣು ಕೆಂಪಾಗಿರಲಿಲ್ಲ. ಬೂದಿ ಹಚ್ಚಿ ಹಿಡಿದು, ಹುರುಪೆ ತೆಗೆದು, ತಲೆ ಕತ್ತರಿಸಲು ಕತ್ತಿಮಣೆಗೆ ಒಡ್ಡಿದೆ.

"ಬೆಕ್ಕೇ" ಎಂದು ಹಿಂದಿನಿಂದ ಸ್ವರ ಬಂತು, "ಅಮ್ಮ ತಲೆ ತೆಗೆಯುದಿಲ್ಲ."

ನನ್ನ ಕೈ ನಿಂತಿತು. ತಿರುಗಿ ನೋಡಿದರೆ ಓಡಿಹೋಗುತ್ತಾಳೆಂದು ತಿರುಗಲಿಲ್ಲ. ತಲೆ ಹಾಗೆಯೇ ಬಿಟ್ಟು ಕಿವಿರು ಹೊಟ್ಟೆ ಮಾತ್ರ ತೆಗೆದೆ. ಉಪ್ಪು ಅರಿಶಿನ ಹಚ್ಚಿದೆ. ಬಾಣಲೆ ಇಟ್ಟು ಎಣ್ಣೆಯ ಭರಣಿಗೆ ಕೈ ಹಾಕಿದೆ.

"ಬೆಕ್ಕೇ, ಎಣ್ಣೆ ಎಂತಕ್ಕೆ? ಬೂತಾಯಿಯ ಒಳಗೇ ಎಣ್ಣೆ ಉಂಟು. ಓಡಿನ ಮೇಲೆ ಅರಿಶಿನದ ಎಲೆ ಹಾಕಿ ಮಲಗಿಸುದು."

ನಾನು ಭರಣಿ ಮುಚ್ಚಿದೆ. ಹಿತ್ತಿಲಿನಿಂದ ಅರಿಶಿನದ ಎಲೆ ತಂದು ಮಣ್ಣಿನ ಕಾವಲಿಯ ಮೇಲೆ ಹಾಸಿ, ಮೀನುಗಳನ್ನು ಸಾಲಾಗಿ ಮಲಗಿಸಿದೆ. ಮತ್ತೆ ಹಸಿರು? ನಾನು ಯಾರನ್ನೂ ಕೇಳದೆ, ಗೋಡೆಗೆ ಹೇಳುವವಳಂತೆ, "ಹಸಿರು ಯಾವುದೋ, ಯಾರಿಗೆ ಗೊತ್ತು" ಎಂದೆ. ಬೆಕ್ಕಿಗೆ ಪಾಠ ಮುಂದುವರಿಯಿತು. ಸಾಂಬ್ರಾಣಿ ಸೊಪ್ಪು, ಎಂದರೆ ಬಾವಿಕಟ್ಟೆಯ ಬಳಿ ಬೆಳೆಯುವ ದಪ್ಪ ಎಲೆಯದು, ಎಳೆ ಕರಿಬೇವು, ಗಾಂಧಾರಿ ಮೆಣಸು, ಎರಡು ಎಳೆ ಬಿಂಬುಳಿ ಕಾಯಿ. ಅರೆಯುವುದಲ್ಲ, ಕಲ್ಲಿನಲ್ಲಿ ಕುಟ್ಟುವುದು, ಎಲೆ ಎಲೆಯಾಗಿಯೇ ಕಾಣಬೇಕು. ಒಲೆಗೆ ತೋರಿಸಬಾರದು. ಮೀನು ಬಿಸಿ ಇರುವಾಗ ಹಸಿಯಾಗಿಯೇ ಮೇಲಿಂದ ಹಾಕಬೇಕು. ನಾನು ಸೊಪ್ಪು ಕೊಯ್ಯಲು ಹೋದಾಗ ಅವಳೂ ದೂರದಿಂದ ಹಿಂಬಾಲಿಸಿ ಬಂದಳು. ತಪ್ಪು ಗಿಡಕ್ಕೆ ಕೈ ಹಾಕಿದರೆ "ಅದಲ್ಲ ಬೆಕ್ಕೇ" ಎನ್ನುತ್ತಿದ್ದಳು. ಬೆಕ್ಕು ಮೀನಿನ ಹೊಟ್ಟೆ ತಿನ್ನಲು ಆಗಲೇ ಹೋಗಿಯಾಗಿತ್ತು.

ನನಗಾದ ಸಂತೋಷ ಹೇಳತೀರದು. ಮಗು ಕರಗಿದಳು ಎಂದುಕೊಂಡೆ. ಇವಳೇ ಹೇಳಿಕೊಟ್ಟು ಮಾಡಿಸಿದ್ದನ್ನು ಇವಳು ಉಣ್ಣದೆ ಇರುತ್ತಾಳೆಯೇ? ಇನ್ನು ಸೋದರಮಾವ ಬರಲಿ ನೋಡುವ ಎಂದು ಸೆರಗು ಸಿಕ್ಕಿಸಿ ಕುಟ್ಟಿದೆ. ಒಂದೇ ಕಷ್ಟ. ಸತ್ತವರಿಗೆ ಮಾಡಿದ್ದನ್ನು ಬಡಿಸುವ ಮೊದಲು ಬಾಯಿಗೆ ಹಾಕಿ ನೋಡುವಂತಿಲ್ಲ. ಎಂದೂ ಮಾಡದ ಅಡುಗೆ, ಎಂದೂ ತಿನ್ನದ ರುಚಿ, ನಾಲಗೆಗೆ ಅಪ್ಪಣೆ ಇಲ್ಲ. ಕುಟ್ಟಿದ ಸೊಪ್ಪಿಗೆ ಅಂದಾಜಿನಲ್ಲೇ ಉಪ್ಪು ಹಾಕಿದೆ. ಮಗು ಬಗ್ಗಿ ಕಲ್ಲಿನ ಗುಳಿಯನ್ನು ಮೂಸಿ ನೋಡಿದಳು. ಏನೂ ಹೇಳಲಿಲ್ಲ. ಸರಿ ಇದ್ದಿರಬೇಕು ಎಂದುಕೊಂಡೆ.

ಓಡು ಕಾದು ಮೀನಿನ ಎಣ್ಣೆ ತಾನಾಗಿ ಒಸರಿ ಎಲೆಯ ಮೇಲೆ ಚಿಟಿಚಿಟಿ ಎನ್ನತೊಡಗಿತು. ಅರಿಶಿನದ ಎಲೆ ಸುಟ್ಟ ಪರಿಮಳ ಎದ್ದಿತು. ಆ ಪರಿಮಳಕ್ಕೆ ಅತ್ತೆ ಚಾವಡಿಯಿಂದ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು, ಕಣ್ಣು ಒರೆಸಿಕೊಂಡು ಹೋದರು. ಗಂಡ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದವರು ಕೊಡಲಿ ಇಟ್ಟು ಅಡುಗೆಮನೆಯ ಕಡೆ ತಿರುಗಿದರು. ನನಗೆ ಹೊಟ್ಟೆಕಿಚ್ಚಾಯಿತು, ಹೇಳಲು ನಾಚಿಕೆಯಿಲ್ಲ. ನನ್ನ ಕೈಯಿಂದಲೇ ಅವಳನ್ನು ಮನೆಯೊಳಗೆ ಕರೆತಂದಿದ್ದೆ.

ಸಂಜೆ ಸೋದರಮಾವ ಬಂದರು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು, ಮಗುವಿಗೆ ಹೊಸ ಅಂಗಿ. ದಾರಿಗೆ ಹಾಕಿಕೊಳ್ಳಲು ಎಂದು ಅದನ್ನು ಚಾವಡಿಯ ಮೇಲಿಟ್ಟರು. ಮನಸ್ಸಿನಲ್ಲಿ ಅವರು ಮಗುವನ್ನು ಕರೆದುಕೊಂಡು ಹೋಗಿಯೇ ಆಗಿತ್ತು.

ಕತ್ತಲಾಗುವ ಹೊತ್ತಿಗೆ ಒಳಕೋಣೆಯಲ್ಲಿ ಬೈಹುಲ್ಲು ಸುತ್ತಿ ಕಟ್ಟಿದ ಅಕ್ಕಿಮುಡಿಗಳ ಮುಂದೆ ಎಲೆ ಹಾಕಿದೆವು. ಅನ್ನ, ಬೂತಾಯಿ, ಮೇಲೆ ಹಸಿರು, ಒಂದು ಲೋಟ ನೀರು, ಎಲೆಅಡಿಕೆ. ಅತ್ತೆ ದೀಪ ಇಟ್ಟು, "ಬಾ ಮಗಳೇ, ಉಂಡು ಹೋಗು. ನಿನ್ನ ಮಗುವನ್ನು ಬಿಡು" ಎಂದರು. ಬಾಗಿಲು ಮುಚ್ಚಿದರು. ಎಲ್ಲರೂ ಅಂಗಳಕ್ಕೆ ಇಳಿದೆವು. ಅಲ್ಲಿ ಮಾತಾಡಬಾರದು, ಬಾಗಿಲ ಕಡೆ ನೋಡಬಾರದು.

ಮಗು ಕಾಣಲಿಲ್ಲ. ಮಾವನ ಹಿಂದೆ ಇದ್ದಾಳೆಂದು ನಾನು ಅಂದುಕೊಂಡೆ. ನನ್ನೊಡನೆ ಇದ್ದಾಳೆಂದು ಮಾವ ಅಂದುಕೊಂಡಿರಬೇಕು. ಕೇಳುವುದಕ್ಕೆ ಬಾಯಿ ತೆರೆಯುವಂತಿಲ್ಲ. ಗಾಳಿಯೂ ಇರಲಿಲ್ಲ. ಆಗ ಒಳಗಿನಿಂದ ಲೋಟ ನೆಲಕ್ಕೆ ತಾಗಿದ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಅತ್ತೆ ನನ್ನ ಕೈಯನ್ನು ಉಗುರು ನೆಡುವಂತೆ ಹಿಡಿದರು. "ಬಂದಳು" ಎಂದು ಪಿಸುಗುಟ್ಟಿದರು. "ಬಂದಳು ಮಾರಾಯ್ತಿ." ಗಂಡ ಕಂಬ ಹಿಡಿದುಕೊಂಡರು. ಸೋದರಮಾವ, ಅಷ್ಟು ಗಟ್ಟಿ ಮನುಷ್ಯ, ತಂಗಿಯ ಹೆಸರು ಹಿಡಿದು ಒಮ್ಮೆ ಕರೆದು ಬಾಯಿಗೆ ಶಾಲು ಒತ್ತಿಕೊಂಡರು. ಅವಳು ನಿಜವಾಗಿ ಬಂದಿದ್ದರೆ ಈ ಅಂಗಳದಲ್ಲಿ ನಿಲ್ಲಲು ನನಗೆ ಯಾವ ಹಕ್ಕು? ಅವಳು ಉಂಡು ತೃಪ್ತಳಾಗಲಿ ಎಂದೂ, ಅವಳು ಬರದೇ ಇರಲಿ ಎಂದೂ ಒಟ್ಟಿಗೇ ಬೇಡಿಕೊಂಡೆ. ಯಾವ ದೇವರಿಗೆ ಅರ್ಥವಾದೀತು ಅಂಥ ಬೇಡಿಕೆ?

ಅತ್ತೆ ಬಾಗಿಲಿಗೆ ಮೂರು ಸಲ ತಟ್ಟಿ ತೆರೆದರು.

ಎಲೆಯ ಮುಂದೆ ಮಗು ಕೂತಿದ್ದಳು. ಅಕ್ಕಿಮುಡಿಗಳ ಹಿಂದೆ ಅಡಗಿದ್ದವಳು, ಮೈಗೆಲ್ಲ ಬೈಹುಲ್ಲಿನ ಚೂರು. ಎಲೆಯ ಮೇಲೆ ಒಂದು ಬೂತಾಯಿಯ ಮುಳ್ಳು ಉಳಿದಿತ್ತು, ತುಟಿಯ ಮೇಲೆ ಹಸಿರು ಹತ್ತಿತ್ತು. ಅವಳ ಕಣ್ಣು ಮಾತ್ರ ಬಾಗಿಲ ಮೇಲೆ ಇತ್ತು. ನಮ್ಮನ್ನು ನೋಡಿ, ಬೇರೆ ಯಾರೋ ಬರಬೇಕಿತ್ತು ಎಂಬಂತೆ, ನಮ್ಮ ಹಿಂದಕ್ಕೆ ನೋಡಿದಳು.

"ಅಯ್ಯೋ!" ಎಂದು ಅತ್ತೆ ಎದೆಗೆ ಬಡಿದುಕೊಂಡರು. "ಸತ್ತವರ ಎಲೆಯಲ್ಲಿ ಉಂಡಳಲ್ಲ! ಇನ್ನು ಎಂತ ಗತಿ!"

ಸೋದರಮಾವ ಒಳಗೆ ನುಗ್ಗಿ ಅವಳ ತೋಳು ಹಿಡಿದೆತ್ತಿದರು. "ಸಾಕು ಈ ಮನೆ. ಏಳು, ಈಗಲೇ ಹೊರಡುವ."

"ಅಮ್ಮ ಬರ್ಲಿಲ್ಲ ಮಾವ" ಎಂದಳು ಮಗು. "ನಾನು ಕಾದೆ. ಮೀನು ತಣ್ಣಗಾಗ್ತಾ ಬಂತು."

ಆಗ ನನಗೆ ತಿಳಿಯಿತು. ಅವಳು ಕರಗಿರಲಿಲ್ಲ. ನನಗೆ ಅಡುಗೆ ಕಲಿಸಿದ್ದು ಅಮ್ಮ ಬರಲಿ ಎಂದು. ಹೋದ ವರ್ಷ ಹುಣಸೆಹುಳಿ ಹಾಕಿದ್ದಕ್ಕೆ ಅಮ್ಮ ಹಸಿದು ಹೋದಳು ಎಂದು ಅಜ್ಜಿ ಹೇಳಿದ್ದನ್ನು ಕೇಳಿಸಿಕೊಂಡಿದ್ದಳಲ್ಲ. ಈ ಸಲ ಒಂದೂ ತಪ್ಪದೆ ಮಾಡಿದರೆ ಬರಲೇಬೇಕು, ಬಂದಾಗ ಹಿಡಿದುಕೊಳ್ಳಬೇಕು ಎಂದು ಕತ್ತಲೆಯಲ್ಲಿ ಕೂತಿದ್ದಳು. ಸೋದರಮಾವ ಅವಳನ್ನು ಎಳೆಯುತ್ತಿದ್ದರು. ಆ ತೋಳು ಮುರಿದುಹೋಗುತ್ತದೆ ಎಂದು ನನಗೆ ಕಂಡಿತು.

"ಬಿಡಿ ಅವಳನ್ನು!" ಎಂದೆ. ಮನೆಯ ಸೊಸೆ ಆ ಮನುಷ್ಯನ ಎದುರು ಸ್ವರ ಎತ್ತುವುದೆಂದರೆ ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ಆದರೆ ನಾಲಗೆ ನಿಲ್ಲಲಿಲ್ಲ. "ಅದು ಅವಳ ಅಮ್ಮನ ಎಲೆ. ಅಮ್ಮನ ಎಲೆಯಲ್ಲಿ ಮಗು ಉಣ್ಣದೆ ಮತ್ತೆ ಯಾರು ಉಣ್ಣಬೇಕು? ನೀವಾ?"

ಗಂಡ ನೆಲ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದರು. ಕೊನೆಗೆ ಅತ್ತೆ ಮೂಗು ಒರೆಸಿಕೊಂಡು, "ಅವಳು ಹೇಳಿದ್ದು ಹೌದು" ಎಂದರು. "ತಾಯಿಗೆ ಬೇಕಾದ್ದೂ ಅದೇ ಅಲ್ವಾ? ಬಿಡು ಮಾರಾಯ." ಸೋದರಮಾವನ ಕೈ ಸಡಿಲವಾಯಿತು. ಅವರು ಹೊಸ್ತಿಲ ಮೇಲೆ ಕುಸಿದು ಕೂತರು.

ನಾನು ಇನ್ನೊಂದು ಎಲೆ ತಂದು ಅವಳ ಮುಂದೆ ಹಾಕಿದೆ. ಬಿಸಿ ಅನ್ನ ಬಡಿಸಿ, ಒಲೆಯ ಮೇಲೆ ಉಳಿದಿದ್ದ ಮೀನು ತಂದು, ಕಲ್ಲಿನಲ್ಲಿ ಉಳಿದಿದ್ದ ಹಸಿರನ್ನು ಬಳಿದು ಮೇಲೆ ಹಾಕಿದೆ. ಅವಳು ಅನ್ನಕ್ಕೆ ಕೈ ಹಾಕಿದಳು. ಎಲ್ಲರೂ ನೋಡುತ್ತಿದ್ದರು. ಒಂದು ತುತ್ತು ನುಂಗಿದಳು, ಮತ್ತೊಂದು. ಸೋದರಮಾವ ನನ್ನ ಗಂಡನ ಕಡೆ ತಿರುಗಿ, "ನಾಳೆ ನಾನೊಬ್ಬನೇ ಹೋಗ್ತೇನೆ ಭಾವ" ಎಂದರು.

ಗೆದ್ದೆ ಎಂದು ಕುಣಿಯಬೇಕಾಗಿತ್ತು ನಾನು. ನನಗೆ ಅಳು ಬಂತು. ಅಮ್ಮ ಬರುವುದಿಲ್ಲ ಎಂದು ಖಾತ್ರಿಯಾಗದೆ ನನ್ನ ಅನ್ನ ಆ ಗಂಟಲಿನಲ್ಲಿ ಇಳಿಯುವಂತಿರಲಿಲ್ಲ. ಹಾಗೆ ಖಾತ್ರಿಯಾಗಲು ಬೇಕಾದ ಅಡುಗೆಯನ್ನು ನಾನೇ ಮಾಡಿಕೊಟ್ಟಿದ್ದೆ.

ಮಗು ಉಣ್ಣುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಬೆಕ್ಕು ಅಲ್ಲೇ ಬಾಗಿಲ ಬಳಿ ಇತ್ತು, ಅವಳು ಅದನ್ನು ನೋಡಲಿಲ್ಲ. ನನ್ನನ್ನೇ ನೋಡಿ ಕೇಳಿದಳು: "ಎಲ್ಲ ಅಮ್ಮ ಮಾಡಿದ ಹಾಗೆಯೇ ಉಂಟು. ಮತ್ತೆ ಯಾಕೆ ಬರ್ಲಿಲ್ಲ?"

ಅತ್ತೆಯಾಗಿದ್ದರೆ ಏನಾದರೂ ಹೇಳುತ್ತಿದ್ದರು. ನಾನು, "ಗೊತ್ತಿಲ್ಲ ಮಗಾ" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಎಲೆಯನ್ನು ನನ್ನ ಕಡೆ ಮೆಲ್ಲನೆ ದೂಡಿ, "ಮುಳ್ಳು ತೆಗೆದು ಕೊಡು" ಎಂದಳು.

ನಾನು ನೆಲದ ಮೇಲೆ ಅವಳೆದುರು ಕೂತು ಮೀನು ಬಿಡಿಸತೊಡಗಿದೆ. ಕಣ್ಣು ತುಂಬಿ ಮುಳ್ಳು ಕಾಣುತ್ತಿರಲಿಲ್ಲ. ಬೆರಳಿನಿಂದಲೇ ತಡವಿ ಒಂದೊಂದಾಗಿ ತೆಗೆದೆ.